ಕುರ್ಲಾ ಫಾಟಕದಲ್ಲಿ ಒಂದನೇ ಗೇರು

೧೯೫೪ ಅಕ್ಟೋಬರ್ ೮, ಶುಕ್ರವಾರ
ವಿಲೆ ಪಾರ್ಲೆ

ಆಯುಧಪೂಜೆ ಚೆನ್ನಾಗಿ ಆಯಿತು. ಹೋಟೆಲಿನ ರುಬ್ಬುವ ಕಲ್ಲು, ಈಳಿಗೆಮಣೆ, ದೊಡ್ಡ ಕಾವಲಿ, ಕಡೆಗೆ ಇವರ ಕಾರು. ಕಾರಿಗೆ ನಾನೇ ಕುಂಕುಮ ಇಟ್ಟು, ಮಾಟುಂಗದಿಂದ ತರಿಸಿದ ಮಲ್ಲಿಗೆ ಸುತ್ತಿ, ಸ್ಟಿಯರಿಂಗಿನ ಎದುರಿಗೆ ಕಟೀಲಮ್ಮನ ಪಟ ಕೂರಿಸಿದೆ. ಅಮ್ಮ ಕೂತ ಮೇಲೆ ಅದು ದೇವರ ಕೋಣೆಯೇ. ಇನ್ನು ಮುಂದೆ ಚಪ್ಪಲಿ ಹಾಕಿಕೊಂಡು ಯಾರೂ ಒಳಗೆ ಕಾಲಿಡಬಾರದು ಎಂದು ಎಲ್ಲರಿಗೂ ಹೇಳಿಬಿಟ್ಟೆ.

"ಅತ್ತಿಗೆ, ಸ್ನಾನ ಮಾಡಿಯೇ ಹತ್ತಬೇಕಾ?" ಅಂತ ಮೈದುನ ಸದಾನಂದನ ಕುಶಾಲು.

"ಮಾಡಿದರೆ ಪಕ್ಕದಲ್ಲಿ ಕೂತವರಿಗೂ ಒಳ್ಳೆಯದು" ಅಂದೆ.

ಇವರ ಕಣ್ಣಿನ ಪೊರೆ ತೆಗೆದ ಮೇಲೆ ಡಾಕ್ಟರು ಕಾರು ಮುಟ್ಟಬಾರದು ಎಂದಿದ್ದಾರೆ. ಡ್ರೈವರ್ ದೂಜ ತಂಗಿಯ ಮದುವೆಗೆ ಅಂತ ಊರಿಗೆ ಹೋದವನು ಅಲ್ಲೇ ಮೀನಿನ ದೋಣಿಯ ಕೆಲಸಕ್ಕೆ ಸೇರಿದ. ಚೆಂಬೂರಿನ ಕಾರ್ಖಾನೆ ಕ್ಯಾಂಟೀನಿಗೆ ಮಧ್ಯಾಹ್ನದ ಊಟ ನಮ್ಮ ಹೋಟೆಲಿನಿಂದಲೇ ಹೋಗಬೇಕು. ಹಾಗಾಗಿ ಈ ವಯಸ್ಸಿನಲ್ಲಿ ನಾನು ಕಲಿತೆ. ವಿಮಾನ ನಿಲ್ದಾಣದ ಹಿಂದಿನ ಬಯಲಿನಲ್ಲಿ ಇವರೇ ಕಲಿಸಿದ್ದು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಕೂತು, "ಎಂಜಿನ್ ಅಳುತ್ತಾ ಉಂಟು, ಎರಡನೇ ಗೇರು ಹಾಕು. ಈಗ ಗೊರಕೆ ಹೊಡೀತಾ ಉಂಟು, ಒಂದನೇದಕ್ಕೆ ಇಳಿಸು" ಅಂತ ಕಿವಿಯಿಂದಲೇ ಪಾಠ. ಲೈಸೆನ್ಸ್ ಕೊಡುವ ಸಾಹೇಬ ನಕ್ಕ. ನಗಲಿ, ಕೊಟ್ಟನಲ್ಲ.

ಇದು ಕರ್ತವ್ಯ ಅಷ್ಟೆ. ಇವರ ದೃಷ್ಟಿ ಬಂದ ದಿನ ಕೀಲಿಕೈ ಇವರ ಕೈಗೆ ಇಟ್ಟು ನನ್ನ ಅಡಿಗೆಮನೆಗೆ ಹೋಗುತ್ತೇನೆ.

ಬರಿಗಾಲಿಗೆ ಕಾರಿನ ತಗಡು ಸುಡುತ್ತದೆ, ಎಂಜಿನಿನ ಕಾವು. ಊರಿನಿಂದ ತಂದ ತೆಂಗಿನನಾರಿನ ಚಾಪೆಯನ್ನು ಮಡಿಸಿ ಹಾಸಿದೆ. ಈಗ ಹಿತವಾಗಿದೆ.

ಅಕ್ಟೋಬರ್ ೧೩, ಬುಧವಾರ

ಇವತ್ತು ಮಾನ ಹೋಗುವುದೊಂದು ಬಾಕಿ.

ಕುರ್ಲಾ ಫಾಟಕ ಹಾಕಿತ್ತು. ರೈಲು ಹೋಯಿತು, ಫಾಟಕ ಎತ್ತಿದರು. ಕ್ಲಚ್ ಒತ್ತಿ ಒಂದನೇ ಗೇರಿಗೆ ಹಾಕಲು ಹೋದರೆ ಕರ್‍ರ್ ಎಂದಿತು, ಒಳಗೆ ಹೋಗಲೇ ಇಲ್ಲ. ಇನ್ನೊಮ್ಮೆ ಹಾಕಿದೆ, ಕರ್‍ರ್. ಹಿಂದೆ ಲಾರಿ, ಅದರ ಹಿಂದೆ ಎತ್ತಿನ ಗಾಡಿ, ಪಕ್ಕದಲ್ಲಿ ಟಾಂಗಾದವನು. ಬಾಯಿ ಬಿಟ್ಟದ್ದು ಅವನೇ.

"ಓ ಬಾಯಿ! ಗಾಡಿ ಹಟಾವ್! ಘರ್ ಜಾಕೇ ರೋಟಿ ಬನಾವ್!"

"ರೋಟಿ ಮಾಡಿಯೇ ತಂದಿದ್ದೇನೆ, ಹಿಂದೆ ಉಂಟು, ಬೇಕಾ?" ಎಂದು ಕನ್ನಡದಲ್ಲೇ ಕೂಗಿದೆ. ಅವನಿಗೆ ಏನು ಅರ್ಥವಾಯಿತೋ, ಸುಮ್ಮನಾದ.

ಹಳದಿ ಟೊಪ್ಪಿಯ ಹವಾಲ್ದಾರ ಬಂದು ದಂಡದಲ್ಲಿ ಬಾನೆಟ್ ತಟ್ಟಿದ. ನಾನು ಅಮ್ಮನನ್ನು ನೆನೆದು ಎಂಜಿನ್ ಆರಿಸಿದೆ. ಆರಿಸಿದ್ದೇ ತಡ, ಗೇರು ಬೆಣ್ಣೆಯಲ್ಲಿ ಚಮಚ ಹೋದ ಹಾಗೆ ಹೋಯಿತು. ಸರಿ, ಗೇರಿನಲ್ಲೇ ಇಟ್ಟು, ಕ್ಲಚ್ ಗಟ್ಟಿಯಾಗಿ ಒತ್ತಿಕೊಂಡೇ ಎಂಜಿನ್ ಚಾಲು ಮಾಡಿದೆ. ಕಾರು ಹಗ್ಗ ಕಿತ್ತ ಕರುವಿನ ಹಾಗೆ ಮುಂದಕ್ಕೆ ಹಾರಿತು. ಹವಾಲ್ದಾರನೂ ಹಾರಿದ. ಸಾಂಬಾರಿನ ಪಾತ್ರೆಯ ಮುಚ್ಚಳ ತೆರೆದು ಅರ್ಧ ಸಾಂಬಾರು ಪಾತ್ರೆ ಇಟ್ಟ ಹಲಗೆಯ ಪಾಲು.

ಚೆಂಬೂರಿನಲ್ಲಿ ಕ್ಯಾಂಟೀನ್ ನೋಡಿಕೊಳ್ಳುವ ಸತ್ಯಮೂರ್ತಿಗಳು ಬಾಗಿಲಲ್ಲೇ ನಿಂತಿದ್ದರು. ಮೈಸೂರಿನವರು, ಸಿಟ್ಟಿನಲ್ಲೂ ಮರ್ಯಾದೆ.

"ಏನಮ್ಮಾ ಇದು, ನಮ್ ಹುಡುಗರು ತಟ್ಟೆ ಬಾರಿಸ್ತಾ ಕೂತಿದಾರೆ ಕಣ್ರೀ."

"ಭಜನೆ ಅಂದುಕೊಳ್ಳಿ, ಪುಣ್ಯ ಬರುತ್ತದೆ" ಅಂದೆ. ಅವರು ನಗಲಿಲ್ಲ.

ಅಕ್ಟೋಬರ್ ೧೪, ಗುರುವಾರ

ಕಾರನ್ನು ಹಿಂದಕ್ಕೆ ತೆಗೆಯುವಾಗ ಮತ್ತೆ ಅದೇ ಶಬ್ದ. ಒಳಗೆ ಆರಾಮಕುರ್ಚಿಯಲ್ಲಿದ್ದ ಇವರಿಗೆ ಕೇಳಿಯೇ ಕೇಳಿತು.

"ವಾರಿಜಾ, ಎಂತದು ಅದು? ಹಲ್ಲು ಕಡಿದ ಹಾಗೆ?"

"ಗೇರ್ ಬಾಕ್ಸ್ ಹೋಯಿತು ಅಣ್ಣಾ" ಅಂದ ಸದಾನಂದ, ನಾನು ಬಾಯಿ ತೆರೆಯುವ ಮೊದಲೇ. "ಸೌಟು ತಿರುಗಿಸಿದ ಹಾಗೆ ತಿರುಗಿಸಿದರೆ ಹಲ್ಲು ಉಳಿಯುತ್ತದಾ?"

"ಆ ಸೌಟಿನಲ್ಲಿ ಬಡಿಸಿದ್ದನ್ನೇ ನೀನು ಈಗ ಉಣ್ಣುತ್ತಾ ಇರುವುದು" ಅಂದೆ.

ಸದಾನಂದ ಕೆಟ್ಟವನಲ್ಲ. ಹೋಟೆಲು ಅವನಿಂದಲೇ ನಡೆಯುತ್ತಿದೆ. ಅವನಿಗೆ ನಾನು ದಾರಿಯಲ್ಲಿ ಎಲ್ಲಿಯಾದರೂ ಸಿಕ್ಕಿಬಿದ್ದೇನು ಎಂಬ ಭಯ. ಭಯವನ್ನು ಗಂಡಸರು ಹೀಗೇ ಹೇಳುವುದು.

ಇವರು ಮುಖ ಆ ಕಡೆ ತಿರುಗಿಸಿ ಕುರ್ಚಿಗೆ ಒರಗಿದರು. ಅದೇ ಚುಚ್ಚಿತು.

ಅಕ್ಟೋಬರ್ ೧೬, ಶನಿವಾರ

ಬಾಂದ್ರಾದ ಫೆಲಿಕ್ಸನ ಗ್ಯಾರೇಜಿಗೆ ಹೋದೆ. ನಮ್ಮ ಮಂಗಳೂರಿನ ಕಡೆಯ ಕ್ರಿಸ್ತಾನ, ಕೆಲಸದಲ್ಲಿ ಗಟ್ಟಿ, ಮಾತು ಮೂರು ಭಾಷೆಯ ಚಿತ್ರಾನ್ನ. ಮುಂದಿದ್ದ ಅಮ್ಮನ ಪಟ ನೋಡಿ ಟೊಪ್ಪಿ ತೆಗೆದ. ಹೊರಗಿನ ಬೆಂಚಿನಲ್ಲಿ ನನ್ನನ್ನು ಕೂರಿಸಿ ಚಾ ತರಿಸಿದ. ಗೇರಿನ ಎಣ್ಣೆ ನೋಡಿದ, ಸರಿ ಇತ್ತು. ಕ್ಲಚ್ಚಿನ ಸರಳನ್ನು ಸ್ವಲ್ಪ ಬಿಗಿ ಮಾಡಿದ. ತಾನೇ ಓಡಿಸಿ ಒಂದು ಸುತ್ತು ಬಂದ. ಎಲ್ಲ ಗೇರೂ ಮಾತಿಲ್ಲದೆ ಬಿದ್ದವು.

"ಬಾಯೇ, ಗಾಡಿ ಎಕ್‌ದಮ್ ಚಲೋ. ನೀವು ಸುಮ್ಮನೆ ಹೆದರುವುದು ಎಂತಕ್ಕೆ?"

ನಾನೆಲ್ಲಿ ಹೆದರಿದೆ?

ಅಕ್ಟೋಬರ್ ೧೮, ಸೋಮವಾರ

ಮತ್ತೆ ಕುರ್ಲಾ, ಮತ್ತೆ ಅದೇ ಶಬ್ದ. ಮತ್ತೆ ಅದೇ ಟಾಂಗಾದವನು. ಅವನಿಗೆ ಬೇರೆ ದಾರಿ ಇಲ್ಲವೇ!

ಅಕ್ಟೋಬರ್ ೧೯, ಮಂಗಳವಾರ

ತೀರ್ಮಾನ ಆಗಿಹೋಗಿದೆ. ಸದಾನಂದ ಹೊಸ ಡ್ರೈವರನನ್ನು ಗೊತ್ತು ಮಾಡಿದ್ದಾನೆ, ಶೆಟ್ಟೆಪ್ಪ ಎಂಬವನು, ಧಾರವಾಡದ ಕಡೆಯವನು, ಲಾರಿ ಓಡಿಸಿ ಪಳಗಿದವನಂತೆ. ದೀಪಾವಳಿ ಕಳೆದ ಗುರುವಾರ ಬರುತ್ತಾನೆ.

"ಫೆಲಿಕ್ಸ್ ಓಡಿಸಿದರೆ ಶಬ್ದ ಇಲ್ಲ, ಅತ್ತಿಗೆ ಓಡಿಸಿದರೆ ಉಂಟು. ಇನ್ನೇನು ನೋಡಬೇಕು ಅಣ್ಣಾ? ದೋಷ ಕೈಯಲ್ಲಿ" ಅಂದ.

ಇವರು ಕಪ್ಪು ಕನ್ನಡಕದ ಹಿಂದಿನಿಂದ, "ಆಗಲಿ" ಅಂದರು. ಅಷ್ಟೇ. ಆಮೇಲೆ ನನ್ನ ಕಡೆ ತಿರುಗಿ, "ನಿನಗೂ ವಿಶ್ರಾಂತಿ ಆಯಿತಲ್ಲ ಮಾರಾಯ್ತಿ."

ವಿಶ್ರಾಂತಿ ನಾನು ಕೇಳಿದೆನಾ?

ಮಗಳು ಚಂಪಾ ಕಾಲೇಜಿನಿಂದ ಬಂದವಳು ನನ್ನ ಮುಖ ನೋಡಿ, "ಅಮ್ಮಾ, ಡ್ರೈವರ್ ಬಂದ್ರೆ ಅಚ್ಛಾ ಹೀ ಹೈ ನಾ? ನಿಮಗೆ ಕಾರ್ ಇಷ್ಟ ಇಲ್ಲ ಹೇಳ್ತಿದ್ರಿ" ಅಂದಳು. ಈ ಹುಡುಗಿಯ ಕನ್ನಡವೂ ಹೀಗೆ, ಬುದ್ಧಿಯೂ ಹೀಗೆ.

ನನಗೆ ಕಾರಿನ ಮೇಲೆ ಆಸೆ ಏನೂ ಇಲ್ಲ. ಆದರೆ ಮಾಡದ ತಪ್ಪು ಹೊತ್ತುಕೊಂಡು ಇಳಿಯುವುದಿಲ್ಲ. ಕೈ ನನ್ನದು, ನನಗೆ ಗೊತ್ತಿಲ್ಲವಾ? ಇವರು ಕಲಿಸಿದ ಕೈ. ಗುರುವಾರದೊಳಗೆ ಹುಡುಕಿಯೇ ಸಿದ್ಧ. ಅಮ್ಮನಿಗೆ ಒಂದು ತೆಂಗಿನಕಾಯಿ ಹರಕೆ ಹೇಳಿಕೊಂಡಿದ್ದೇನೆ. ಹುಡುಕುವುದು ನಾನು, ದಾರಿ ತೋರಿಸುವುದು ಅವಳು.

ಅಕ್ಟೋಬರ್ ೨೦, ಬುಧವಾರ

ದೋಸೆ ಕಾವಲಿಯಿಂದ ಏಳದಿದ್ದರೆ ಹೋಟೆಲಿನಲ್ಲಿ ಹೊಸಬರು ಎಲ್ಲವನ್ನೂ ಒಟ್ಟಿಗೆ ಬದಲಾಯಿಸುತ್ತಾರೆ. ಹಿಟ್ಟಿಗೆ ನೀರು ಹಾಕುತ್ತಾರೆ, ಬೆಂಕಿ ಜೋರು ಮಾಡುತ್ತಾರೆ, ಎಣ್ಣೆ ಸುರಿಯುತ್ತಾರೆ. ಕಡೆಗೆ ದೋಸೆ ಎದ್ದರೂ ಯಾಕೆ ಎದ್ದಿತು ಅಂತ ಗೊತ್ತಾಗುವುದಿಲ್ಲ. ನಾನು ಹಾಗೆ ಬಿಡುವುದಿಲ್ಲ. ಹಿಟ್ಟೋ, ಕಾವಲಿಯೋ, ಬೆಂಕಿಯೋ, ಒಂದನ್ನು ಬದಲಾಯಿಸು, ಉಳಿದದ್ದನ್ನು ಮುಟ್ಟಬೇಡ.

ಅದನ್ನೇ ಕಾರಿಗೂ ಮಾಡಿದೆ.

ಬೆಳಿಗ್ಗೆ ತಣ್ಣಗಿರುವಾಗ ಹಾಕಿ ನೋಡಿದೆ, ಶಬ್ದ. ಚೆಂಬೂರಿನಿಂದ ಬಂದು ಕಾದಿರುವಾಗಲೂ ಶಬ್ದ. ಹಾಗಾದರೆ ಕಾವಲ್ಲ. ಪಾತ್ರೆ ತುಂಬಿಯೂ ನೋಡಿದೆ, ಪಾತ್ರೆ ಇಳಿಸಿಯೂ ನೋಡಿದೆ. ಭಾರವೂ ಅಲ್ಲ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನೋಡಿದೆ, ಸೀರೆಯ ಮೇಲೂ ಅಪವಾದ ಬರುವ ಮೊದಲು. ಸೀರೆಯೂ ಅಲ್ಲ.

ಕಡೆಗೆ ಇವರನ್ನೇ ಕೇಳಿದೆ. "ಎಂಜಿನ್ ಆರಿದಾಗ ಗೇರು ಸಲೀಸು ಬೀಳುತ್ತದೆ, ತಿರುಗುವಾಗ ಮಾತ್ರ ಜಗಳ. ಯಾಕೆ?"

ಇವರು ಎರಡು ಅಂಗೈ ಸೇರಿಸಿ ತೋರಿಸಿದರು. "ಇದು ಎಂಜಿನ್, ಇದು ಗೇರು. ಒಂದರ ಕೈ ಒಂದು ಹಿಡಿದುಕೊಂಡು ತಿರುಗುತ್ತವೆ. ಕ್ಲಚ್ ಒತ್ತಿದರೆ ಕೈ ಬಿಡಬೇಕು. ಪೂರ್ತಿ ಬಿಟ್ಟರೆ ಮಾತ್ರ ನೀನು ಹೇಳಿದ ಗೇರಿಗೆ ಅದು ಬರುವುದು. ಅರ್ಧ ಬಿಟ್ಟರೆ ಎಳೆದಾಟ."

"ಹಾಗಾದರೆ ಹಲ್ಲು ಹೋಗಿಲ್ಲ. ಕೈ ಬಿಡುತ್ತಾ ಇಲ್ಲ. ಅದಕ್ಕೇ ಆ ದಿನ ಹವಾಲ್ದಾರನ ಮೇಲೆ ಹಾರಿದ್ದು."

"ಹವಾಲ್ದಾರನ ಮೇಲಾ?" ಇವರು ಎದ್ದು ಕೂತರು. ಆ ಕತೆ ಹೇಳಿರಲಿಲ್ಲ. ಹೇಳಬೇಕಾಯಿತು. ಇವರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ನಗುವೋ ಗಾಬರಿಯೋ, ಕನ್ನಡಕದಿಂದ ತಿಳಿಯಲಿಲ್ಲ.

ಅಕ್ಟೋಬರ್ ೨೧, ಗುರುವಾರ

ಕೈ ಬಿಡುತ್ತಾ ಇಲ್ಲ, ಸರಿ. ಆದರೆ ಫೆಲಿಕ್ಸ್ ಕೂತಾಗ ಮಾತ್ರ ಬಿಡುತ್ತದಲ್ಲ, ಅದು ಹೇಗೆ? ಅವನ ಕಾಲು ಉದ್ದ ಇರಬಹುದು. ಆದರೆ ನನ್ನ ಕಾಲು ಅಡಿಯವರೆಗೆ ಮುಟ್ಟುತ್ತದೆ, ಇನ್ನು ಒತ್ತಲು ಜಾಗವೇ ಇಲ್ಲ.

ಇವತ್ತು ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಮಂತ್ರದ ಮಧ್ಯೆ ಎರಡನೇ ಗೇರು ನೆನಪಾಯಿತು. ಅಮ್ಮ ಕ್ಷಮಿಸುತ್ತಾಳೆ, ಹರಕೆಯ ವಿಷಯವೇ ಅಲ್ಲವಾ ಅದು.

ಅಕ್ಟೋಬರ್ ೨೨, ಶುಕ್ರವಾರ

ಸಿಕ್ಕಿತು!

ಕ್ಯಾಂಟೀನಿಗೆ ಊಟ ಇಳಿಸಿ ನೇರ ಬಾಂದ್ರಾಕ್ಕೆ ಹೋದೆ. "ಫೆಲಿಕ್ಸ್, ಇವತ್ತು ಬೆಂಚೂ ಬೇಡ ಚಾವೂ ಬೇಡ. ನೀನು ಮಾಡುವುದೆಲ್ಲ ನಾನು ಎದುರಿಗೆ ನಿಂತು ನೋಡಬೇಕು" ಅಂದೆ.

"ನೋಡಿ ಬಾಯೇ, ನಂದು ಎಂತ ಚೋರಿ ಕೆಲಸ ಉಂಟಾ?"

ಅವನು ಬಾಗಿಲು ತೆರೆದು, ಮೊದಲು ನನ್ನ ನಾರಿನ ಚಾಪೆಯನ್ನು ಎರಡೂ ಕೈಯಿಂದ ಎತ್ತಿ, ಕೊಡವಿ, ಗೋಡೆಯ ಮೇಲೆ ಮಡಿಸಿ ಇಟ್ಟ. ಆಮೇಲೆ ಕೂತ. ಓಡಿಸಿದ, ಶಬ್ದವಿಲ್ಲ. ನನ್ನನ್ನೇ ಕೂರಿಸಿದ. ನಾನು ಹಾಕಿದೆ: ಒಂದು, ಎರಡು, ಮೂರು, ಹಿಂದಕ್ಕೆ. ಒಂದಾದರೂ ಅಳಬೇಕಲ್ಲ.

"ದೇಖೋ, ನಿಮ್ಮ ಕೈಯೂ ಚಲೋ, ಗಾಡಿಯೂ ಚಲೋ. ಮತ್ತೆ ಜಗಳ ಯಾರದ್ದು?"

ಚಾಪೆಯನ್ನು ಮೊದಲಿನ ಹಾಗೇ ಹಾಸಿ, ಮೂಲೆ ಸರಿಮಾಡಿ ಕಳಿಸಿದ. ಸ್ಟೇಶನ್ ರಸ್ತೆಗೆ ತಿರುಗುವಾಗ ಮತ್ತೆ ಕರ್‍ರ್!

ಕೆರೆಯ ಪಕ್ಕ ನಿಲ್ಲಿಸಿ ಕೂತೆ. ಎಂಜಿನ್ ಅದೇ. ಕೈ ಅದೇ, ಕಾಲು ಅದೇ. ಗ್ಯಾರೇಜಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಬದಲಾದದ್ದು ಯಾವುದು? ಬಗ್ಗಿ ಕೈಯಿಂದಲೇ ಕ್ಲಚ್ ಒತ್ತಿ ನೋಡಿದೆ. ಅರ್ಧಕ್ಕಿಂತ ಸ್ವಲ್ಪ ಆಚೆ ಹೋಗಿ, ಮೆತ್ತಗೆ ನಾರಿನ ಚಾಪೆಯ ಮೇಲೆ ಕೂತುಬಿಟ್ಟಿತು. ನಾನು ಇಷ್ಟು ದಿನ ಅಡಿ ಅಂತ ತಿಳಿದದ್ದು ಅಡಿಯಲ್ಲ, ಊರಿನ ಚಾಪೆ!

ಎಳೆದು ಹಿಂದೆ ಎಸೆದೆ. ಬರಿಗಾಲಿಗೆ ತಗಡು ಚುರ್ ಎಂದಿತು. ಸುಡಲಿ ಅಂತ ಒತ್ತಿದೆ. ಗೇರು ಬಿತ್ತು. ಬಾಂದ್ರಾದಿಂದ ಪಾರ್ಲೆಯವರೆಗೆ ಬೆರಳು ಎತ್ತಿಕೊಂಡು, ಹಿಮ್ಮಡಿ ಎತ್ತಿಕೊಂಡು, ಕೆಂಡದ ಮೇಲೆ ನಡೆದ ಹಾಗೆ ಬಂದೆ. ಹೋಗುವ ಬರುವವರೆಲ್ಲ ನೋಡಿದರು. ನಾನು ನಗುತ್ತಾ ಇದ್ದೆನಂತೆ. ಅಂಗಡಿಯ ಮುಂದೆ ನಿಂತಿದ್ದ ಚಂಪಾ ಹೇಳಿದ್ದು.

ಫೆಲಿಕ್ಸನನ್ನು ಬೈಯುವ ಹಾಗೂ ಇಲ್ಲ. ದೇವರ ಮುಂದಿನ ಚಾಪೆಗೆ ತನ್ನ ಗ್ರೀಸಿನ ಬೂಟು ತಾಗಬಾರದೆಂದು ಅವನು ಮರ್ಯಾದೆ ಮಾಡಿದ. ದೇವರ ಮುಂದೆ ಚಪ್ಪಲಿ ಬಾರದೆಂದು ನಾನು ಮರ್ಯಾದೆ ಮಾಡಿದೆ. ನಮ್ಮಿಬ್ಬರ ಭಕ್ತಿಯ ನಡುವೆ ಕ್ಲಚ್ಚಿಗೆ ಉಸಿರುಕಟ್ಟಿತು.

ಅಕ್ಟೋಬರ್ ೨೩, ಶನಿವಾರ

ಊಟಕ್ಕೆ ಕೂತಾಗ ಎಲ್ಲರ ಎದುರಿಗೂ ಹೇಳಿದೆ. ಸದಾನಂದ ಚಪ್ಪಾಳೆ ತಟ್ಟಿ ನಕ್ಕ.

"ಅಂದರೆ ತಪ್ಪು ಅತ್ತಿಗೆಯದ್ದೇ! ಕೈ ಅಲ್ಲ, ಚಾಪೆ!"

"ನನ್ನದೇ" ಅಂದೆ. "ಹುಡುಕಿದ್ದೂ ನಾನೇ. ನೀನು ಏನು ಹುಡುಕಿದೆ? ಡ್ರೈವರನನ್ನು."

ಚಂಪಾ ನೀರು ಕುಡಿಯುತ್ತಿದ್ದವಳು ಕೆಮ್ಮಿದಳು. ಇವರು ಅನ್ನ ಕಲೆಸುತ್ತಾ, "ಶೆಟ್ಟೆಪ್ಪನಿಗೆ ಮಾತು ಕೊಟ್ಟಾಗಿದೆಯಲ್ಲ" ಅಂದರು. "ಸೋಮವಾರ ನಾನೂ ಬರುತ್ತೇನೆ. ಗಾಡಿಯ ಶಬ್ದ ಕೇಳಿ ನೋಡುತ್ತೇನೆ. ಆಮೇಲೆ ಹೇಳುತ್ತೇನೆ."

ಕೇಳಲಿ.

ಇನ್ನು ಕಾಲಿನ ವಿಷಯ. ಬರಿಗಾಲು ಸುಡುತ್ತದೆ, ಚಾಪೆ ಕೂಡದು, ಚಪ್ಪಲಿ ಕೂಡದು ಎಂದವಳು ನಾನೇ. ಅಮ್ಮನ ಮುಂದೆ ಕೂತು ಯೋಚಿಸಿದೆ. ಬಿಸಿ ಪಾತ್ರೆ ಇಳಿಸುವಾಗ ಕೈಬಟ್ಟೆ ಹಿಡಿದರೆ ನೈವೇದ್ಯಕ್ಕೆ ಮೈಲಿಗೆ ಆಗುತ್ತದಾ? ಇಲ್ಲ. ಹಾಗೇ ಇದೂ. ಚಂಪಾ ಸ್ಕೂಲಿನಲ್ಲಿ ಡ್ರಿಲ್ಲಿಗೆ ಹಾಕುತ್ತಿದ್ದ ಕ್ಯಾನ್ವಾಸ್ ಬೂಟು ಅಟ್ಟದಲ್ಲಿತ್ತು. ತೊಳೆದು ಬಿಸಿಲಿಗೆ ಇಟ್ಟೆ. ತೆಳ್ಳಗಿನ ಅಡಿ, ಕ್ಲಚ್ ಎಲ್ಲಿದೆ ಅಂತ ಕಾಲಿಗೆ ತಿಳಿಯುತ್ತದೆ. ಕಾರಿನೊಳಗೆ ಕೂತ ಮೇಲೆಯೇ ಹಾಕುವುದು, ಇಳಿಯುವ ಮೊದಲು ತೆಗೆಯುವುದು. ನೆಲ ಮುಟ್ಟಿಸುವ ಹಾಗಿಲ್ಲ. ಮಡಿಬಟ್ಟೆ ಇದ್ದ ಹಾಗೆ ಮಡಿಬೂಟು.

"ಅಮ್ಮಾ, ಸೀರೆ ಮೇಲೆ ಡ್ರಿಲ್ ಶೂಸ್! ನನ್ನ ಕಾಲೇಜ್ ಎದುರಿಂದ ಮತ್ ಜಾನಾ, ಪ್ಲೀಸ್" ಅಂತ ಚಂಪಾ ಕೈ ಮುಗಿದಳು.

ಅಮ್ಮನೇ ಒಪ್ಪಿದ್ದಾಳೆ, ಇವಳದ್ದೇನು? ಹೂ ಬಲಕ್ಕೆ ಬಿತ್ತು.

ಅಕ್ಟೋಬರ್ ೨೫, ಸೋಮವಾರ

ಹಬ್ಬಕ್ಕೆ ಕಾರ್ಖಾನೆಗೆ ರಜೆ, ರಜೆಗೆ ಮೊದಲಿನ ಕಡೆಯ ಊಟ ಇವತ್ತು. ಹೋಳಿಗೆಯನ್ನೂ ಸೇರಿಸಿದ್ದೆವು, ಪಾತ್ರೆ ಜಾಸ್ತಿ, ಭಾರವೂ ಜಾಸ್ತಿ. ಇವರು ಪಕ್ಕದಲ್ಲಿ ಕೂತರು. ಕೈ ಎರಡೂ ತೊಡೆಯ ಮೇಲೆ, ತಲೆ ಸ್ವಲ್ಪ ನನ್ನ ಕಡೆ ವಾಲಿಸಿ, ಕಲಿಸುವಾಗ ಕೂರುತ್ತಿದ್ದ ಹಾಗೆ. ಅಂಧೇರಿ ದಾಟುವವರೆಗೆ ಎರಡು ಸಲ ಅಂಗೈ ಸೆರಗಿಗೆ ಒರೆಸಿಕೊಂಡೆ.

ಕುರ್ಲಾ ಫಾಟಕ ಹಾಕಿತ್ತು. ಹಾಕದೆ ಬಿಡುತ್ತದಾ! ಉದ್ದ ಗೂಡ್ಸ್ ಗಾಡಿ. ಕಾಯುತ್ತಾ ಇದ್ದಾಗ ಪಕ್ಕಕ್ಕೆ ಬಂದು ನಿಂತದ್ದು ಟಾಂಗಾದವನೇ.

"ಅರೇ ಬಾಯಿ! ಆಜ್ ಸೇಠ್ ಕೋ ಭೀ ಲಾಯಿ? ಧಕ್ಕಾ ಮಾರ್‌ನೇ ಕೇ ಲಿಯೇ?"

ಗಾಡಿ ತಳ್ಳಲು ಯಜಮಾನರನ್ನೂ ತಂದೆಯಾ ಅಂತ ಅವನ ಕೇಳಿಕೆ. ಇವರು ಏನೋ ಹೇಳಲು ಹೊರಟರು. "ನೀವು ಸುಮ್ಮನಿರಿ" ಅಂದೆ. ಇವರಿಗೆ ನಾನು ಹಾಗೆ ಹೇಳಿದ್ದು ಇದೇ ಮೊದಲೋ ಏನೋ. ಸುಮ್ಮನಾದರು.

ಫಾಟಕ ಎತ್ತಿತು. ಕ್ಲಚ್ ಅಡಿಯವರೆಗೆ, ನಿಜವಾದ ಅಡಿಯವರೆಗೆ ಒತ್ತಿದೆ. ಒಂದನೇ ಗೇರು. ಟಕ್ ಎಂದು ಕೂತಿತು. ಹಳಿಯ ಮೇಲಿನ ಏರಿನಲ್ಲಿ ಎಂಜಿನ್ ಗುನುಗುಟ್ಟಿತು, ಎರಡನೇದು. ಟಾಂಗಾದವನ ಕುದುರೆ ಇನ್ನೂ ಹಳಿಯ ಆ ಕಡೆ ಇತ್ತು. ತಿರುಗಿ ನೋಡಬಾರದು, ಅಹಂಕಾರ ಅದು. ಕನ್ನಡಿಯಲ್ಲಿ ನೋಡಿದೆ.

ಸತ್ಯಮೂರ್ತಿಗಳು ಕೈಗಡಿಯಾರ ನೋಡಿ, "ಏನಮ್ಮಾ, ಇವತ್ತು ಅಡಿಗೆಗಿಂತ ಮೊದಲು ನೀವೇ ಬಂದ ಹಾಗಿದೆ!" ಅಂದರು. ಹೋಳಿಗೆ ನೋಡಿ ಇವರನ್ನೂ ಕೂರಿಸಿ ಬಡಿಸಿದರು. ಎಲ್ಲರ ಊಟ ಮುಗಿದು, ಪಾತ್ರೆ ತೊಳೆಸಿ ತುಂಬಿಕೊಂಡು ಹೊರಡುವಾಗ ಬಿಸಿಲು ಇಳಿದಿತ್ತು.

ಬರುವಾಗ ಇವರು ಏನು ಹೇಳುತ್ತಾರೋ ಅಂತ ಕಾದೆ. ಶೆಟ್ಟೆಪ್ಪನ ಮಾತು ಎತ್ತುತ್ತಾರೋ ಅಂತ. ಕುರ್ಲಾ ಕಳೆಯಿತು. ಮಾತಿಲ್ಲ. ಪಕ್ಕಕ್ಕೆ ತಿರುಗಿ ನೋಡಿದರೆ ತಲೆ ಬಾಗಿಲಿಗೆ ಒರಗಿದೆ, ಬಾಯಿ ಸ್ವಲ್ಪ ತೆರೆದಿದೆ. ನಿದ್ದೆ. ದೂಜ ಓಡಿಸುವಾಗ ಒಂದು ದಿನವಾದರೂ ಕಣ್ಣು ಮುಚ್ಚಿದವರಲ್ಲ ಈ ಮನುಷ್ಯ. ಕಿವಿ ನಿಗುರಿಸಿಕೊಂಡೇ ಕೂರುತ್ತಿದ್ದರು.

ನಮ್ಮ ರಸ್ತೆ ಬಂತು. ನಿಲ್ಲಿಸಿದರೆ ಎಚ್ಚರವಾಗುತ್ತದೆ. ಕಣ್ಣಿನ ಪೊರೆ ತೆಗೆಸಿದವರಿಗೆ ನಿದ್ದೆ ಒಳ್ಳೆಯದು ಅಂತ ಡಾಕ್ಟರೇ ಹೇಳಿದ್ದಾರೆ. ಹಾಗಾಗಿ ತಿರುಗಿಸಲಿಲ್ಲ, ಮುಂದೆ ಹೋದೆ. ಜುಹೂ ರಸ್ತೆ ಖಾಲಿ ಇತ್ತು. ತೆಂಗಿನ ಮರಗಳ ನಡುವೆ ಮೂರನೇ ಗೇರಿನಲ್ಲಿ ಗಾಡಿ ತಾನೇ ಹೋದ ಹಾಗೆ ಹೋಗುತ್ತದೆ. ಸಮುದ್ರದ ಹತ್ತಿರ ಗಾಳಿಗೆ ಇವರಿಗೆ ಎಚ್ಚರವಾಯಿತು.

"ಎಲ್ಲಿಗೆ ಬಂದೆವು?"

"ಜುಹೂ."

"ಯಾಕೆ?"

"ನಿಮಗೆ ನಿದ್ದೆ ಬಂದಿತ್ತಲ್ಲ."

ಇವರು ಅಲೆಯ ಶಬ್ದದ ಕಡೆ ಕಿವಿ ತಿರುಗಿಸಿದರು. ಆಮೇಲೆ, "ಶೆಟ್ಟೆಪ್ಪ ಬಂದರೆ ಹೋಟೆಲಿನ ಸಾಮಾನಿನ ಲಾರಿಗೆ ಹಾಕಲು ಸದಾನಂದನಿಗೆ ಹೇಳುತ್ತೇನೆ" ಅಂದರು. ಸೀಟಿಗೆ ಇನ್ನಷ್ಟು ಒರಗಿ, "ಬಂದ ದಾರಿಯಲ್ಲಿ ಬೇಡ, ಸುತ್ತು ಹಾಕಿಕೊಂಡು ಹೋಗು" ಎಂದು ಮತ್ತೆ ಕಣ್ಣು ಮುಚ್ಚಿದರು.

ಸುತ್ತು ಹಾಕಿಯೇ ಬಂದೆ. ಹೇಳಿದ ಮೇಲೆ ಮಾಡಬೇಕಲ್ಲ.

ಮನೆಗೆ ಬರುವಾಗ ಕತ್ತಲಾಗಿತ್ತು. ದೇವರ ದೀಪವನ್ನು ಚಂಪಾ ಹಚ್ಚಿದ್ದಳು. ಬತ್ತಿ ಸ್ವಲ್ಪ ಉದ್ದವಾಗಿದೆ, ಆದರೂ ಚೆನ್ನಾಗಿಯೇ ಉರಿಯುತ್ತಾ ಇದೆ.